ಚಿನ್ನದ ತುದಿಗೆ ಕುಂಕುಮ

ವಡೋದರಾದಲ್ಲಿ ಸಂಶೋಧನೆ ಮಾಡುವಾಗ ಒಂದೇ ಒಂದು ಅಣುವಿನಲ್ಲಿ ವಿದ್ಯುತ್ ಹರಿಸಿ ಅಳೆಯುವುದು ನನ್ನ ಕೆಲಸವಾಗಿತ್ತು. ಅಣು ಕಣ್ಣಿಗೆ ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಚಿನ್ನದ ತಗಡು, ಮೇಲೆ ಚಿನ್ನದ ತಂತಿಯ ಚೂಪು ತುದಿ, ಇವೆರಡರ ನಡುವೆ ಅಣು. ಆದರೆ ಅದೇ ಅಣುವಿಗೆ ಅಳತೆ ದಿನಕ್ಕೊಂದು ಥರ ಬರುತ್ತಿತ್ತು. ದೀಪಾವಳಿ ರಜೆಯೊಳಗೆ ಸರಿಹೋಗದಿದ್ದರೆ ಈ ಅಣುವನ್ನೇ ಬಿಟ್ಟುಬಿಡು ಎಂದಿದ್ದರು ನನ್ನ ಗೈಡ್. ಎಂದರೆ ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು.

ಆಯುಧಪೂಜೆಯ ದಿನ ಅಮ್ಮ ಕಳಿಸಿದ್ದ ಕುಂಕುಮವನ್ನು ಯಂತ್ರಕ್ಕೆ ಹಚ್ಚಿದೆ. ಸ್ವಲ್ಪ ತುದಿಯ ಮೇಲೂ ಉದುರಿತು.

ಗೈಡ್ ಸರ್ ನೋಡಿ ನಕ್ಕರು. "ಇದೇನು ಬೇಟಾ, ಯಂತ್ರಕ್ಕೆ ಮದುವೆಯೋ?"

"ನಮ್ಮ ಕಡೆಯ ಪದ್ಧತಿ, ಸರ್."

"ತುದಿ ಹಾಳಾಯಿತಲ್ಲ! ತಂತಿ ಕತ್ತರಿಸಿ ಹೊಸ ತುದಿ ಮಾಡು."

ಕತ್ತರಿಸಿ ಅಳೆದೆ. ನಂಬಿಕೆಯಾಗದೆ ಇನ್ನೊಂದು ಕತ್ತರಿಸಿ ಅಳೆದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಅಂಕಿ! ಚಿನ್ನ ಕೆಡುವುದಿಲ್ಲವೆಂದು ನಾವು ತಿಂಗಳುಗಟ್ಟಲೆ ಹಳೆಯ ತುದಿಯನ್ನೇ ಬಳಸಿದ್ದೆವು. ದೋಷ ಅಣುವಿನದಲ್ಲ, ಚಿನ್ನ ಅದನ್ನು ಮುಟ್ಟುವ ಜಾಗದ್ದು.

"ಅಣು ಇರಲಿ, ಮುಂದುವರಿಸು," ಎಂದರು ಸರ್.

ಸಂಜೆ ಫತೇಗಂಜ್‌ನ ಎಸ್‌ಟಿಡಿ ಬೂತ್‌ನಿಂದ ಅಮ್ಮನಿಗೆ ಫೋನ್ ಮಾಡಿ, ಪೂಜೆ ಫಲ ಕೊಟ್ಟಿತು ಎಂದೆ. ಅವಳ ಕುಂಕುಮವನ್ನು ಸರ್ ವರದಿಯಲ್ಲಿ 'ಕಲ್ಮಶ' ಎಂದು ಬರೆಸಿದ್ದನ್ನು ಮಾತ್ರ ಹೇಳಲಿಲ್ಲ.