ಮಾದಪ್ಪನ ಆಸ್ಟ್ರೇಲಿಯಾ ಒಕ್ಕಲು

ನುಸಿಗುಳಿಗೆಯ ವಾಸನೆಗೆ ಬೇರೆಯವರಿಗೆ ಬೀರು ನೆನಪಾಗಬಹುದು; ನನಗೆ ನೆನಪಾಗುವುದು ಒಬ್ಬ ವೇಗದ ಬೌಲರ್. ಅಜ್ಜೀಪುರದ ನಮ್ಮ ಮನೆಯ ಟಿವಿಗೆ ಅಜ್ಜಿ ತನ್ನ ಹಳೆಯ ಕೊಳ್ಳೇಗಾಲದ ರೇಷ್ಮೆ ಸೀರೆಯ ತುಂಡು ಹೊದಿಸಿ, ಮಡಿಕೆಯಲ್ಲಿ ನುಸಿಗುಳಿಗೆ ಇಡುತ್ತಿದ್ದಳು. ಪಂದ್ಯದ ದಿನ ಆ ಹೊದಿಕೆ ತೆಗೆಯುವುದೆಂದರೆ ಗರ್ಭಗುಡಿಯ ಪರದೆ ಸರಿಸಿದಷ್ಟು ಗಾಂಭೀರ್ಯ. ತಾತ ಕುರ್ಚಿಯಲ್ಲಿ, ಅಜ್ಜಿ ನೆಲದ ಮೇಲೆ ಅವರೆಕಾಯಿ ಸುಲಿಯುತ್ತ, ಪಕ್ಕದಲ್ಲಿ ನಾನು.

ಆ ಬೌಲರ್ ಆಸ್ಟ್ರೇಲಿಯಾದವನು. ತಂಡಕ್ಕೆ ಬಂದಾಗ ಇನ್ನೂ ಹುಡುಗ. ಉದ್ದನೆಯ ಓಟ, ಮೂಗಿನ ಮೇಲೆ ಬಿಸಿಲಿಗೆಂದು ಬಳಿದ ಬಿಳಿ ಮುಲಾಮು. ಅಜ್ಜಿ ಅದನ್ನು ಕಂಡವಳೇ ಕೈಯಲ್ಲಿದ್ದ ಕಾಯಿ ಬಿಟ್ಟಳು.

"ನೋಡವ್ವಾ, ಈಬೂತಿ ಅಚ್ಕಂಡವ್ನೆ! ನಮ್ ಮಾದಪ್ಪನ ಒಕ್ಕಲು ಕಣವ್ವ."

"ಅದು ಮುಲಾಮು ಕಣೇ," ಎಂದ ತಾತ.

"ಮುಲಾಮ ಯಾರಾರೂ ಮೂಗ್ಗೆ ಅಚ್ಕತಾರಾ?"

ಅಂದಿನಿಂದ ಮನೆ ಎರಡು ದೇಶವಾಯಿತು. ಅವನು ನಮ್ಮವರ ವಿಕೆಟ್ ಕಿತ್ತಾಗಲೆಲ್ಲ ತಾತ ಊಟ ಬಿಡುತ್ತಿದ್ದ. ಅಜ್ಜಿ ನೆಮ್ಮದಿಯಾಗಿ ಇನ್ನೊಂದು ಮುದ್ದೆ ಹಾಕಿಕೊಳ್ಳುತ್ತಿದ್ದಳು. ತಾತ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ, ದ್ವೇಷದಿಂದ. ಅಜ್ಜಿ, ಗಂಡನ ಹೆಸರು ಎತ್ತದ ಹಾಗೆಯೇ, ಗೌರವದಿಂದ.

ಕೆಲವು ವರ್ಷಗಳ ಮೇಲೆ ಅವನ ಬೆನ್ನುಮೂಳೆ ಬಿರುಕುಬಿಟ್ಟಿತು. ಇನ್ನು ಆಡುವುದು ಅನುಮಾನವೆಂದು ಪತ್ರಿಕೆಯಲ್ಲಿ ಬಂದದ್ದನ್ನು ತಾತ ಗಟ್ಟಿಯಾಗಿ, ರಾಗವಾಗಿ ಓದಿದ. ಅಜ್ಜಿ ದೇವರ ಗೂಡಿನ ಮುಂದೆ ನಿಂತು ಹರಕೆ ಹೊತ್ತಳು: ಅವನು ಮತ್ತೆ ಓಡಿಬಂದರೆ ಮಾದಪ್ಪನ ಬೆಟ್ಟದಲ್ಲಿ ಮುಡಿ.

"ಯಾರ ಮುಡಿನೇ? ಅವ್ನೇನು ಅಲ್ಲಿಂದ ಬಸ್ ಅತ್ಕಂಡು ಬಂದಾನಾ?"

"ಬರ್ನಿಲ್ಲ ಅಂದ್ರೆ ನಮ್ಮನೇಲಿ ತಲೆ ಇಲ್ವಾ?"

ತಾತ ಆ ವಯಸ್ಸಿನಲ್ಲೂ ದಟ್ಟವಾಗಿದ್ದ ತನ್ನ ಕ್ರಾಪನ್ನು ಸವರಿಕೊಂಡು ಎದ್ದುಹೋದ.

ಆ ಬೌಲರ್ ಮತ್ತೆ ಆಟಕ್ಕೆ ವಾಪಸಾಗುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಜ್ವರವೆಂದು ಮಲಗಿದವಳು ಏಳಲಿಲ್ಲ. ಅವನು ಮರಳಿದ ಪಂದ್ಯದ ದಿನ ಟಿವಿ ಹಾಕಿದ್ದು ತಾತನೇ. ಬೌಲರ್ ಓಡಿಬಂದ; ಓಟ ಮೊದಲಿಗಿಂತ ಮೋಟಾಗಿತ್ತು, ಚೆಂಡು ಮಾತ್ರ ಹಾಗೇ ಎದೆಮಟ್ಟಕ್ಕೆ ಎದ್ದಿತು. ನಮ್ಮವರು ಒಬ್ಬರ ಹಿಂದೊಬ್ಬರು ಔಟಾಗಿ ನಡೆದರು. ತಾತ ಬೈಯಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಬೆಟ್ಟದ ಬಸ್ಸು ಹತ್ತಿದ.

ಆ ಬೌಲರ್ ಆಮೇಲೂ ಬಹಳ ಕಾಲ ಆಡಿ ಈಚೆಗೆ ನಿವೃತ್ತನಾದ. ತಾತನೂ ಹೋದ, ಮನೆಯಿದ್ದ ಜಾಗದಲ್ಲಿ ಈಗ ಬೆಟ್ಟಕ್ಕೆ ಹೋಗುವ ಕಾರುಗಳು ನಿಲ್ಲುತ್ತವೆ. ಬೌಲರ್‌ನ ಸಾಧನೆಗಳನ್ನು ಪತ್ರಿಕೆಗಳು ಪುಟಗಟ್ಟಲೆ ಬರೆದವು. ಬೆಟ್ಟದ ಮುಡಿಕಟ್ಟೆಯಲ್ಲಿ ತಾತ ತನ್ನ ಕ್ರಾಪು ಒಪ್ಪಿಸಿದ ಆ ಬೆಳಗು ಯಾವುದರಲ್ಲೂ ಬರಲಿಲ್ಲ.

ತಲೆಗೆ ನೀರು ತಟ್ಟುತ್ತ ಕ್ಷೌರದವನು ಕೇಳಿದ್ದ: "ಯಾರ್ಗೆ ಸಾ ಅರಕೆ?"

ತಾತ ಒದ್ದೆ ತಲೆ ಎತ್ತಿದ. "ನಮ್ ಉಡ್ಗಂಗೆ. ಬೆನ್ನು ಮುರ್ಕಂಡಿದ್ದ. ನಮ್ಮನೆಯವ್ಳು ಒತ್ಕಂಡಿದ್ಲು."

"ಈಗ ವಾಸಿನಾ ಸಾ?"

"ವಾಸಿ. ಕೆಲ್ಸಕ್ಕೆ ಓಯ್ತಾವ್ನೆ," ಎಂದು ತಾತ ತಲೆ ಬಗ್ಗಿಸಿದ. "ಒತ್ಕಂಡವ್ಳೇ ನೋಡ್ನಿಲ್ಲ."