ಮೆಮೊರಿಗೆ ಮೆತ್ತಿದ ವಿಭೂತಿ

ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಒಳಗೆಲ್ಲ ವಿಭೂತಿ. ತೊಂಬತ್ತರ ದಶಕದಲ್ಲಿ ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ನಡೆದದ್ದಿದು. ಬೆಳಿಗ್ಗೆಯಿಂದ ಕಂಪ್ಯೂಟರು ಚಾಲೂ ಆಗದೆ ಬರೀ ಕೀಂಯ್ ಎನ್ನುತ್ತಿತ್ತು. ಹೊರಗೆ ಅಕ್ಕಿ ತುಂಬಿದ ಲಾರಿಗಳು ಬಿಲ್ಲಿಗಾಗಿ ಕಾದು ನಿಂತಿದ್ದವು. ಅಮಾವಾಸ್ಯೆಗೊಮ್ಮೆ ಮಿಲ್ಲಿನ ಮಷೀನುಗಳ ಜೊತೆ ಇದಕ್ಕೂ ಪೂಜೆ ನಡೆಯುತ್ತಿತ್ತಂತೆ. ಹಚ್ಚಿದ ವಿಭೂತಿಯನ್ನು ಫ್ಯಾನು ಒಳಗೆಳೆದುಕೊಂಡಿತ್ತು. ರಿಪೇರಿಗೆಂದು ಲಿಂಗಸುಗೂರಿನಿಂದ ಬಂದಿದ್ದ ನಾನು, ವಿಭೂತಿ ಮೆತ್ತಿದ್ದ ಮೆಮೊರಿ ಪಟ್ಟಿಯನ್ನು ಕಿತ್ತು, ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಕೂಡಿಸಿದೆ. ಚಾಲೂ ಆಯಿತು.

"ಸಾವ್ಕಾರ್ರ, ಇದಕ್ಕ ವಿಭೂತಿ ಹಚ್ಚಬ್ಯಾಡ್ರಿ. ಒಳಗ ಮೆಮೊರಿ ತನಕ ಹೋಗೈತಿ," ಎಂದೆ.

"ಅಲ್ಲೀತನಕ ಮುಟ್ಟೈತೇನು? ಅದಕ್ಕ ಚಾಲೂ ಆತು ಬಿಡ್ರಿ," ಎಂದ ಸಾಹುಕಾರರು ಮತ್ತೊಂದು ಚಿಟಿಕೆ ಹಚ್ಚಿ ಕೈಮುಗಿದರು.

ಆಮೇಲೆ ನಾನು ಅಮಾವಾಸ್ಯೆಯ ಮರುದಿನ ಸಿಂಧನೂರು ಬಿಟ್ಟು ಬೇರೆ ಊರಿನ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟೆ.