ವಾಪಸ್ಸಮ್ಮನ ಪಾಲಿಗೆ ಬಂದ ಪದ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯ ಜನ ಮಾತ್ರ ಆಕೆಯನ್ನು ವಾಪಸ್ಸಮ್ಮ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಪಕ್ಕದ ಮನೆಯವರು ಬೆಳಿಗ್ಗೆ ಒಂದು ಬಟ್ಟಲು ಸೂಪು ಕಳಿಸಿದರೆ ಕತ್ತಲಾಗುವಷ್ಟರಲ್ಲಿ ಅದೇ ಬಟ್ಟಲು ತುಂಬಿಕೊಂಡು ಅವರ ಮನೆಗೆ ಮರಳುತ್ತಿತ್ತು. ಬೇಕರಿಯವನು ಮಳೆಯಲ್ಲಿ ಕೊಡೆ ಹಿಡಿದು ಮನೆ ಮುಟ್ಟಿಸಿದ್ದಕ್ಕೆ ಮಾರನೆಯ ದಿನವೇ ಅವನ ಅಂಗಡಿಯ ಪರದೆಗೆ ಹೊಸ ಅಂಚು ಬಂದಿತ್ತು. ಒಮ್ಮೆ ಬಸ್ಸಿನಲ್ಲಿ ಯಾವಳೋ ಹುಡುಗಿ ಎದ್ದು ಸೀಟು ಕೊಟ್ಟಳಂತೆ. ಈಕೆ ಸುಮ್ಮನೆ ಕೂತಳೇ? ಆ ಹುಡುಗಿಯ ಚೀಲದ ಕಿತ್ತುಹೋದ ಹಿಡಿಯನ್ನು ಅಲ್ಲೇ ಹೊಲಿದು ಕೊಟ್ಟು, ಆ ಗಡಿಬಿಡಿಯಲ್ಲಿ ತನ್ನ ನಿಲ್ದಾಣ ತಪ್ಪಿಸಿಕೊಂಡು, ಬಿಸಿಲಲ್ಲಿ ಕಾಲೆಳೆದುಕೊಂಡು ಮನೆಗೆ ಬಂದಳು. ಇಂಥವರ ನೆರೆಹೊರೆಯಲ್ಲಿ ಬಾಳುವುದು ಸುಲಭವಲ್ಲ ಬಿಡಿ. ಒಂದು ಹಿಡಿ ಸಕ್ಕರೆ ಕೊಟ್ಟವರಿಗೂ ಸಂಜೆ ಏನು ಹೊತ್ತು ತರುತ್ತಾಳೋ ಎಂಬ ದಿಗಿಲು.

ಮನೆಯ ಮುಂದಿನ ಕೋಣೆಯೇ ಆಕೆಯ ಅಂಗಡಿ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ, ಕೆಟ್ಟದ್ದನ್ನು ಸರಿಮಾಡುವುದಷ್ಟೇ ಕೆಲಸ. ಬಾಯಿ ಬಿಟ್ಟ ಜಿಪ್ಪು, ಜಾರಿದ ಅಂಚು, ಹೊಟ್ಟೆ ಬಂದವರ ಪ್ಯಾಂಟು, ಹೊಟ್ಟೆ ಕರಗಿತೆಂದು ಜಂಬಪಡುವವರ ಪ್ಯಾಂಟು. ಎರಡನೆಯ ಗುಂಪಿನವರು ಆರು ತಿಂಗಳಲ್ಲಿ ಮತ್ತೆ ಬರುತ್ತಾರೆಂದು ಆಕೆಗೆ ಗೊತ್ತು. ಅದಕ್ಕೇ ಒಳಗೆ ಮಡಿಸಿದ ಬಟ್ಟೆಯನ್ನು ಕತ್ತರಿಸದೆ ಹಾಗೇ ಬಿಡುತ್ತಿದ್ದಳು.

ಈ ವಾಪಸಾತಿಯ ಚಟ ಹುಟ್ಟಿನಿಂದ ಬಂದದ್ದಲ್ಲ. ಅಪ್ಪ ಅಮ್ಮ ಬೇಗ ಹೋದರು. ಹುಡುಗಿ ಚಿಕ್ಕಪ್ಪನ ಮನೆ ಸೇರಿದಳು. ಚಿಕ್ಕಮ್ಮ ಕೆಟ್ಟವಳೇನಲ್ಲ, ಹೊಟ್ಟೆ ತುಂಬ ಹಾಕುತ್ತಿದ್ದಳು. ಹಾಕಿದ್ದನ್ನು ಎತ್ತಿ ಆಡದೆ ಇರುವುದು ಮಾತ್ರ ಅವಳ ಕೈಲಾಗುತ್ತಿರಲಿಲ್ಲ. ಬಂದವರ ಮುಂದೆಲ್ಲ, "ನಮ್ಮನೆ ಊಟ ಇವಳ ಮೈಗೆ ಚೆನ್ನಾಗಿ ಹತ್ತಿದೆ ನೋಡಿ," ಎನ್ನುವಳು. ನುಂಗಿದ ತುತ್ತು ಅಲ್ಲೇ ಗಂಟಲಲ್ಲಿ ನಿಲ್ಲುತ್ತಿತ್ತು. ಹುಡುಗಿ ಉಣ್ಣುವ ಮೊದಲೇ ಪಾತ್ರೆ ತೊಳೆಯಲು ಕಲಿತಳು, ಕೇಳುವ ಮೊದಲೇ ನೀರು ತುಂಬಿಡಲು ಕಲಿತಳು. ದೊಡ್ಡವಳಾದ ಮೇಲೆ ಯಾರ ಹಂಗಿಗೂ ಬೀಳುವುದಿಲ್ಲ ಎಂದು ತೀರ್ಮಾನಿಸಿದಳು. ಆ ಹಟ ಗಂಡನಿಗೂ ತಟ್ಟಿತು. ಬಸ್ಸಿನ ಮೆಕ್ಯಾನಿಕ್ಕಾಗಿದ್ದ ಆತ ಪರಿಚಯದ ಹೊಸದರಲ್ಲಿ ಒಂದು ಒಳ್ಳೆಯ ಕತ್ತರಿ ತಂದುಕೊಟ್ಟ. ಮರುದಿನ ಈಕೆ ಅವನಿಗೊಂದು ಅಂಗಿ ಹೊಲಿದು ಕೊಟ್ಟಳು. ಅವನು ಟಾರ್ಚು ತಂದ, ಈಕೆ ಟೋಪಿ ಕೊಟ್ಟಳು. ಕೊನೆಗೆ ಆತ ಕೈ ಮುಗಿದು, "ಹೀಗೇ ಆದ್ರೆ ನಮ್ಮಿಬ್ಬರ ಲೆಕ್ಕ ಚುಕ್ತಾ ಆಗೋದೇ ಇಲ್ಲ. ಮದುವೆ ಆಗಿಬಿಡೋಣ," ಎಂದ. ಒಳ್ಳೆಯ ಮನುಷ್ಯ, ಬೇಗ ಹೋಗಿಬಿಟ್ಟ.

ಮಗ ಲಾರಿ ಓಡಿಸುತ್ತಾನೆ. ವಾರಗಟ್ಟಲೆ ಊರಲ್ಲಿ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆಗೆ ಮುಂಚೆಯೇ ತಾಯಿಯನ್ನು ಕಳೆದುಕೊಂಡ ಹುಡುಗಿ. ಈ ಮನೆಗೆ ಬರುವಾಗ ತಾಯಿ ಹೊಲಿದುಕೊಟ್ಟಿದ್ದ ಒಂದು ನೀಲಿ ಕೋಟನ್ನು ಎದೆಗವಚಿಕೊಂಡು ಬಂದಿದ್ದಳು. ಅತ್ತೆ ಸೊಸೆಯ ನಡುವೆ ಒಂದು ಜಗಳವಿಲ್ಲ, ಒಂದು ಎತ್ತರದ ದನಿಯಿಲ್ಲ. ಬೀದಿಯವರಿಗೆಲ್ಲ ಹೊಟ್ಟೆಕಿಚ್ಚು. ಅವಳು ಟೀ ಮಾಡಿಕೊಟ್ಟರೆ ಈಕೆ ಅವಳ ಚಪ್ಪಲಿ ಒರೆಸಿಡುವಳು. ಅವಳು ಅತ್ತೆಯ ಭಾನುವಾರದ ಬಟ್ಟೆಗೆ ಇಸ್ತ್ರಿ ಹಾಕಿದರೆ ಸಂಜೆಯೊಳಗೆ ಅವಳ ಯೂನಿಫಾರ್ಮುಗಳೆಲ್ಲ ಗರಿಗರಿಯಾಗಿ ತೂಗುತ್ತಿದ್ದವು. ತಾನು ಒಳ್ಳೆಯ ಅತ್ತೆ ಎಂದು ವಾಪಸ್ಸಮ್ಮನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹತ್ತಾರು ಜನ ಸೇರುತ್ತಿದ್ದರು. ಅದನ್ನು ಶುರು ಮಾಡಿದವರು ಪಾಸ್ಟರ್. ದೇವರ ವಾಕ್ಯದಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ನಾವು ದಿನಾ ಬಾಯಲ್ಲಿ ಆಡುತ್ತೇವೆ, ಒಂದು ದಿನವೂ ಕೈಗೆತ್ತಿಕೊಂಡು ನೋಡಿಲ್ಲ ಎಂಬುದು ಅವರ ಕೊರಗು. ಅದಕ್ಕೇ ಒಂದು ಏರ್ಪಾಡು ಮಾಡಿದರು. ಪ್ರತಿ ವಾರ ಒಬ್ಬರು ಒಂದು ಚೀಟಿ ಎತ್ತಬೇಕು. ಅದರಲ್ಲಿ ಬಂದ ಪದಕ್ಕೆ ಮುಂದಿನ ವಾರ ಅರ್ಥ ಹೇಳಬೇಕು. ಆದರೆ ಬೈಬಲಿನ ಪದಕ್ಕೆ ಬೈಬಲಿನದೇ ಇನ್ನೊಂದು ಪದ ತಂದು ಅಂಟಿಸುವ ಹಾಗಿಲ್ಲ. ತಮ್ಮ ಮನೆಯಿಂದ, ತಮ್ಮ ಕೆಲಸದಿಂದಲೇ ಹೇಳಬೇಕು. ತಪ್ಪಿದರೆ ಆ ದಿನ ಎಲ್ಲರ ಟೀ ಕಪ್ಪು ತೊಳೆಯುವ ಶಿಕ್ಷೆ. ಹೆಚ್ಚು ಕಪ್ಪು ತೊಳೆದವರು ಪಾಸ್ಟರೇ. ಪಾಪ, ಓದಿದ್ದು ಬಾಯಿಗೆ ಬಂದುಬಿಡುತ್ತಿತ್ತು.

ಬೇಕರಿಯವನಿಗೆ 'ನಂಬಿಕೆ' ಬಂದಾಗ, "ಹಿಟ್ಟು ಕಲಸಿ ಬಟ್ಟೆ ಮುಚ್ಚಿಟ್ಟ ಮೇಲೆ ಉಬ್ಬಿತಾ ಇಲ್ವಾ ಅಂತ ಗಳಿಗೆಗೊಂದು ಸಲ ತೆಗೆದು ನೋಡದೆ ಇರೋದು," ಎಂದು ಚಪ್ಪಾಳೆ ಗಿಟ್ಟಿಸಿದ್ದ. ವಾಪಸ್ಸಮ್ಮನಿಗೆ ಹಿಂದೊಮ್ಮೆ 'ಪಶ್ಚಾತ್ತಾಪ' ಬಂದಿತ್ತು. "ಹೊಲಿಗೆ ಓರೆ ಹೋಯ್ತು ಅಂತ ಅಳ್ತಾ ಕೂತ್ರೆ ನೇರ ಆಗುತ್ತಾ? ಬಿಚ್ಚಬೇಕು. ತಪ್ಪಿದ ಜಾಗಕ್ಕೆ ವಾಪಸ್ ಹೋಗಿ ಅಲ್ಲಿಂದ ಹೊಲ್ಕೊಂಡು ಬರಬೇಕು," ಎಂದಿದ್ದಳು. ಎಲ್ಲರೂ ತಲೆದೂಗಿದ್ದರು.

ಈ ಸಲ ಆಕೆ ಎಡಗೈಯಲ್ಲಿ ಚೀಟಿ ಎತ್ತಬೇಕಾಯಿತು. ಸ್ಟೂಲು ಹತ್ತಿ ಕಿಟಕಿ ಒರೆಸಲು ಹೋಗಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಭುಜದಿಂದ ಬೆರಳ ಬುಡದವರೆಗೆ ಪ್ಲಾಸ್ಟರು, ಅದನ್ನು ಹೊರಲು ಕೊರಳಿಗೊಂದು ಪಟ್ಟಿ. ಆ ಪಟ್ಟಿಯನ್ನು ದಿನಾ ಬೆಳಿಗ್ಗೆ ಸೊಸೆ ಕಟ್ಟಿಕೊಡುತ್ತಿದ್ದಳು. ತಲೆ ತೊಳೆಯುತ್ತೇನೆಂದು ಎಷ್ಟೋ ಸಲ ಕೇಳಿದಳು. ಈಕೆ ಬೇಡವೆಂದು ತಲೆಗೊಂದು ವಸ್ತ್ರ ಸುತ್ತಿಕೊಂಡು ಓಡಾಡಿದಳು. ಪಟ್ಟಿಯ ಋಣವೇ ದಿನದಿನಕ್ಕೆ ಬೆಳೆಯುತ್ತಿದೆ, ಅದರ ಮೇಲೆ ತಲೆಯದ್ದೂ ಬೇರೆ ಯಾಕೆ ಎಂಬುದು ಆಕೆಯ ಲೆಕ್ಕ.

ಚೀಟಿಯಲ್ಲಿ ಬಂದ ಪದ 'ಕೃಪೆ'.

ಒಂದು ವಾರ ಯೋಚಿಸಿ, ಎದೆಯುಬ್ಬಿಸಿ ನಿಂತು ಹೇಳಿದಳು. "ಹೇಳಿದ ದಿನಕ್ಕೆ ಬಟ್ಟೆ ಕೊಡೋಕೆ ಆಗದೆ ಇದ್ರೂ ಕೆಲವು ಗಿರಾಕಿಗಳು ಗಲಾಟೆ ಮಾಡಲ್ಲ. ನಿಧಾನಕ್ಕೆ ಕೊಡಿ ಅಂತಾರೆ. ಆಮೇಲೆ ನಾವು ಇನ್ನೂ ಚೆನ್ನಾಗಿ ಮಾಡಿಕೊಟ್ಟು ತೀರಿಸ್ತೀವಿ. ದೇವರೂ ಹಾಗೇ. ವಾಪಸ್ ಕೊಡೋಕೆ ನಮಗೆ ಟೈಮ್ ಕೊಡ್ತಾನೆ. ಅದೇ ಕೃಪೆ."

ಯಾರೂ ತಲೆದೂಗಲಿಲ್ಲ. ಬೇಕರಿಯವನು ಮೆಲ್ಲಗೆ, "ಹಾಗಾದ್ರೆ ಅದು ಕೈಗಡ ಆಯ್ತಲ್ಲ ಅಕ್ಕ?" ಎಂದ. ಒಂದಿಬ್ಬರು ಕಿಸಕ್ಕೆಂದರು.

"ಮತ್ತೆ ಸುಮ್ನೆ ಕೈಚಾಚಿ ಇಸ್ಕೊಳ್ಳೋದಾ? ಅದಕ್ಕೆ ಭಿಕ್ಷೆ ಅಂತಾರೆ," ಎಂದಳು ವಾಪಸ್ಸಮ್ಮ. ಮುಖ ಕೆಂಪಾಗಿತ್ತು.

ಪಾಸ್ಟರ್ ನಕ್ಕರು. "ಕೈಗಡನೂ ಅಲ್ಲ, ಭಿಕ್ಷೆನೂ ಅಲ್ಲ ಅಮ್ಮ. ನಾನು ಬಿಡಿಸಿ ಹೇಳೋಕೆ ಹೋದ್ರೆ ಕಪ್ಪು ತೊಳೀಬೇಕಾಗುತ್ತೆ. ಇನ್ನೊಂದು ವಾರ ಆ ಪದ ನಿಮ್ಮ ಹತ್ರಾನೇ ಇರಲಿ."

ಪರೀಕ್ಷೆಯಲ್ಲಿ ನಪಾಸಾದವಳಂತೆ ಆಕೆ ಮನೆಗೆ ಬಂದಳು. ಅವಮಾನಕ್ಕೆ ಕೈ ಸುಮ್ಮನಿರಲೊಲ್ಲದು. ಏನಾದರೂ ಮಾಡಬೇಕು, ಯಾರದ್ದಾದರೂ ಋಣ ತೀರಿಸಬೇಕು. ಮರುದಿನ ಸೊಸೆ ಕೆಲಸಕ್ಕೆ ಹೋದ ಮೇಲೆ ಆ ನೀಲಿ ಕೋಟು ಕಣ್ಣಿಗೆ ಬಿತ್ತು. ಕಂಕುಳ ಹತ್ತಿರ ಒಳಗಿನ ಲೈನಿಂಗ್ ಬಿಟ್ಟುಕೊಂಡಿತ್ತು. ಇಷ್ಟು ದಿನ ಪಟ್ಟಿ ಕಟ್ಟಿದ್ದಕ್ಕೆ ಇದು ಸರಿಹೋಯಿತು ಎಂದುಕೊಂಡಳು. ಹಳೆಯ ಹೊಲಿಗೆ ಪೂರ್ತಿ ತೆಗೆದು ಹೊಸದಾಗಿ ಹಾಕುವುದು ಆಕೆಯ ಪದ್ಧತಿ. ಎಡಗೈಯಲ್ಲಿ ಕತ್ತರಿ ಹಿಡಿದು, ಕೋಟನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಒಂದೊಂದೇ ಎಳೆ ಕೀಳುತ್ತಾ ಹೋದಳು. ಸಣ್ಣ ಸಣ್ಣ ಕೈಹೊಲಿಗೆ, ಕೆಲವು ಓರೆ. ಕಸುಬಿನವರ ಕೈಯಲ್ಲ ಎಂದುಕೊಂಡಳೇ ಹೊರತು ಯಾರ ಕೈ ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಹೆಚ್ಚುಕಡಿಮೆ ಎಲ್ಲ ಬಿಚ್ಚಿಯಾದ ಮೇಲೆ ಕತ್ತರಿ ಜಾರಿತು. ಕಂಕುಳಿಂದ ಸೊಂಟದವರೆಗೆ ಲೈನಿಂಗೂ ಬಟ್ಟೆಯೂ ಒಟ್ಟಿಗೆ ಸೀಳಿಹೋಯಿತು.

ಸಂಜೆ ಸೊಸೆ ಬಂದು ನೋಡಿದಳು. ಕೂಗಾಡಲಿಲ್ಲ. ನೆಲದ ಮೇಲೆ ಕೂತು, ಬಿದ್ದಿದ್ದ ನೀಲಿ ಎಳೆಗಳನ್ನು ಒಂದೊಂದಾಗಿ ಅಂಗೈಗೆ ಹೆಕ್ಕಿಕೊಂಡಳು. ಆಗ ವಾಪಸ್ಸಮ್ಮನಿಗೆ ಹೊಳೆಯಿತು, ಆ ಹುಡುಗಿಗೆ ತಾಯಿಯದೆಂದು ಉಳಿದಿದ್ದದ್ದು ಆ ಹೊಲಿಗೆಯೊಂದೇ.

"ನಾನು ಕೇಳಿದ್ನಾ ಅತ್ತೆ?"

"ಇಲ್ಲಮ್ಮ. ದಿನಾ ಪಟ್ಟಿ ಕಟ್ಟಿಕೊಡ್ತೀಯಲ್ಲ, ಅದಕ್ಕೆ..."

"ಪಟ್ಟಿ ಕಟ್ಟಿದ್ದಕ್ಕಾ?" ಸೊಸೆ ತಲೆಯೆತ್ತಿ ನೋಡಿದಳು. "ಈ ಮನೆಗೆ ಬಂದಾಗಿಂದ ಒಂದು ದಿನ ನನ್ನ ಕೈಯಿಂದ ಏನಾದ್ರೂ ಸುಮ್ನೆ ಇಸ್ಕೊಂಡಿದ್ದೀರಾ? ನಮ್ಮ ಅಂಗಡಿಗೆ ಬರೋ ಗಿರಾಕಿಗಳ ಜೊತೆ ನಾನು ಹೀಗಿರ್ತೀನಿ. ಅಮ್ಮನ ಹತ್ರ ಹೀಗಿರಲಿಲ್ಲ. ನಾನು ಈ ಮನೇಲಿ ಗಿರಾಕಿ ಅತ್ತೆ." ಮೂಗು ಒರೆಸಿಕೊಂಡು ಎದ್ದಳು. "ನಮ್ಮ ಅಂಗಡಿ ಮಾಲೀಕರು ಬೇರೆ ಊರಲ್ಲಿ ಹೊಸ ಅಂಗಡಿ ತೆಗೀತಿದ್ದಾರೆ. ನೋಡ್ಕೊಳ್ಳೋಕೆ ನನ್ನ ಕೇಳಿದ್ರು. ಮನೇನೂ ಕೊಡ್ತಾರೆ. ನಿಮ್ಮನ್ನ ಬಿಟ್ಟು ಹೇಗೆ ಹೋಗೋದು ಅಂತ ಸುಮ್ನಿದ್ದೆ. ಮುಂದಿನ ಸೋಮವಾರ ಬರ್ತೀನಿ ಅಂತ ಹೇಳಿಬಿಡ್ತೀನಿ."

ಅಂದು ಇಬ್ಬರೂ ಊಟ ಮಾಡಲಿಲ್ಲ.

ಬೆಳಿಗ್ಗೆ ವಾಪಸ್ಸಮ್ಮ ಮಂಚದ ಅಂಚಿನಲ್ಲಿ ಕೂತು, ಪಟ್ಟಿಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆಯುತ್ತಾ ಒದ್ದಾಡುತ್ತಿದ್ದಳು. ಇನ್ನು ಮೇಲೆ ಇದೆಲ್ಲ ತಾನೇ ಮಾಡಿಕೊಳ್ಳಬೇಕು, ಮಾಡಿದ ಕೆಲಸಕ್ಕೆ ಅದೇ ತಕ್ಕದ್ದು ಎಂದು ಮನಸ್ಸಿಗೆ ಹೇಳಿಕೊಂಡಿದ್ದಳು. ಬಾಗಿಲು ಸರಿಯಿತು. ಸೊಸೆ ಯೂನಿಫಾರ್ಮ್ ತೊಟ್ಟು ಬಂದಿದ್ದಳು, ಕಣ್ಣು ಊದಿತ್ತು. ಅತ್ತೆಯ ಹಲ್ಲಿನಿಂದ ಪಟ್ಟಿ ಬಿಡಿಸಿದಳು. ಕೊರಳಿಗೆ ಒತ್ತದಂತೆ ಗಂಟಿನ ಕೆಳಗೆ ಎಂದಿನಂತೆ ಒಂದು ಒಗೆದ ಕರ್ಚೀಫು ಮಡಿಸಿಟ್ಟು, ಕಟ್ಟಿ, ಮೊಣಕೈ ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡಿ ಹೋದಳು. ಮರುದಿನವೂ ಬಂದಳು. ಆಮೇಲಿನ ದಿನವೂ. ಒಂದು ದಿನವೂ ಆ ಕರ್ಚೀಫು ಮರೆಯಲಿಲ್ಲ.

ವಾಪಸ್ಸಮ್ಮನಿಗೆ ಇದು ಅರಗಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದಳು. ಪಟ್ಟಿ ಬಿಗಿಯಾಗಿ ಎಳೆದು ಕಟ್ಟಿದ್ದರೂ ಸರಿ, ಅಲ್ಲಿಂದಲ್ಲಿಗೆ ಆಯಿತು ಎನ್ನಬಹುದಿತ್ತು. ತಾನು ಅವಳಿಂದ ಕಸಿದುಕೊಂಡದ್ದು ಲೋಕದಲ್ಲಿ ಇನ್ನೆಲ್ಲೂ ಸಿಗದ್ದು. ಅವಳು ಕೊಡುತ್ತಿರುವುದು ಕೇಳದೆ ಬಂದದ್ದು, ತಾನು ಗಳಿಸದೆ ಇದ್ದದ್ದು. ಏನು ಮಾಡಿ ಇದನ್ನು ತೀರಿಸಲಿ ಎಂದು ಮನಸ್ಸು ಹಳೆಯ ಅಭ್ಯಾಸದಂತೆ ಮನೆಯೆಲ್ಲ ಹುಡುಕಿತು. ಏನೂ ಸಿಗಲಿಲ್ಲ. ತೀರಿಸುವಂಥದ್ದೇ ಅಲ್ಲ ಇದು ಎಂದು ಶನಿವಾರದ ಹೊತ್ತಿಗೆ ಗೊತ್ತಾಯಿತು. ಗೊತ್ತಾದಾಗ ಆಕೆಗೆ ಹೆದರಿಕೆಯಾಯಿತು, ಅಳುವೂ ಬಂತು. ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತಳು.

'ಕೃಪೆ'ಗೆ ಮತ್ತೆ ಅರ್ಥ ಹೇಳಬೇಕಾಗಿದ್ದ ಭಾನುವಾರ ಬೆಳಿಗ್ಗೆ ಸೊಸೆ ಪಟ್ಟಿ ಕಟ್ಟಲು ಬಂದಾಗ ವಾಪಸ್ಸಮ್ಮ ತಲೆಯ ವಸ್ತ್ರ ಬಿಚ್ಚಿಕೊಂಡು ಕೂತಿದ್ದಳು. ಸಿಕ್ಕುಸಿಕ್ಕಾದ ನರೆಗೂದಲು ಬೆನ್ನ ಮೇಲೆ ಇಳಿಬಿದ್ದಿತ್ತು.

"ತಲೆ ತೊಳೆದುಕೊಡ್ತೀಯಾ?" ಎಂದಳು. ತನಗಾಗಿ ಒಂದು ಕೆಲಸ ಮಾಡು ಎಂದು ಆಕೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಸೊಸೆ ನಿಂತಲ್ಲೇ ನಿಂತಳು. "ಬದಲಿಗೆ ಏನ್ ಕೊಡ್ತೀರ?" ಎಂದಳು. ತಮಾಷೆಯೇ, ಆದರೆ ತುದಿ ಚೂಪಾಗಿತ್ತು.

"ಏನೂ ಇಲ್ಲಮ್ಮ. ಆ ಕೋಟು ನನ್ನ ಕೈಲಿ ಸರಿ ಮಾಡೋಕಾಗಲ್ಲ. ಎರಡು ಕೈ ಇದ್ರೂ ಆಗ್ತಿರಲಿಲ್ಲ. ನಿಮ್ಮಮ್ಮನ ಹೊಲಿಗೆ ನಾನೆಲ್ಲಿಂದ ತರಲಿ? ಕೊಡೋಕೆ ನನ್ನ ಹತ್ರ ಏನೂ ಇಲ್ಲ." ಉಸಿರೆಳೆದುಕೊಂಡಳು. "ಆದ್ರೂ ಕೇಳ್ತಾ ಇದ್ದೀನಿ. ಹೋಗಬೇಡ. ಕೆಲಸಕ್ಕೆ ಜನ ಬೇಕು ಅಂತಲ್ಲ. ನೀನು ಬೇಕು, ಅದಕ್ಕೆ."

ಸೊಸೆ ಅಂಗಿಯ ತೋಳು ಮೇಲೇರಿಸಿಕೊಂಡು ಬಚ್ಚಲಿಗೆ ಹೋದಳು. ನೀರು ಬಿಡುವ ಸದ್ದು ಕೇಳಿತು. ಬಂದು ಅತ್ತೆಯ ಎಡಗೈ ಹಿಡಿದು ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ, ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, "ತಲೆ ಬಗ್ಗಿಸಿ," ಎಂದಳು.

ಬೆಚ್ಚಗಿನ ನೀರು ನೆತ್ತಿಯಿಂದ ಇಳಿಯಿತು. ಬೆರಳುಗಳು ಸಿಕ್ಕು ಬಿಡಿಸುತ್ತಾ, ಕಿವಿಯ ಹಿಂದೆ, ಕತ್ತಿನ ಮೇಲೆ ನಿಧಾನಕ್ಕೆ ಓಡಾಡಿದವು. ವಾಪಸ್ಸಮ್ಮನ ಎಡಗೈ ಸಹಾಯಕ್ಕೆಂದು ತಾನಾಗಿ ಮೇಲೆದ್ದಿತು. ಆಕೆ ಅದನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಕಷ್ಟವಾಯಿತು, ಆದರೂ ಇಟ್ಟುಕೊಂಡಳು.

ಸೋಪಿನ ನೊರೆ ಹೋಗಿ ನೀರು ತಿಳಿಯಾಗುವ ಹೊತ್ತಿಗೆ ಮೇಲಿನಿಂದ ದನಿ ಬಂತು. "ಹೊಸ ಅಂಗಡಿಗೆ ಬರೋಕಾಗಲ್ಲ ಅಂತ ನಾಳೆ ಹೇಳಿಬಿಡ್ತೀನಿ."

ವಾಪಸ್ಸಮ್ಮ ಏನೋ ಹೇಳಲು ಬಾಯಿ ತೆರೆದಳು. ನಿನಗೆ ಹೊಸ ಕೋಟು, ನಿನಗೆ ಇದು, ನಿನಗೆ ಅದು ಎಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿಕೊಂಡಳು. ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ.

"ಸಾಕಾ ಅತ್ತೆ?"

"ಇನ್ನೊಂದು ಮಗ್ ಹಾಕಮ್ಮ," ಎಂದಳು ಆಕೆ, ತಲೆ ಇನ್ನಷ್ಟು ಬಗ್ಗಿಸಿ. "ಹಿತವಾಗಿದೆ."